ಲೇಸಮ್ಮ ಬಂದರೆ ಬಾಯಲ್ಲಿ ಗುಂಡುಸೂಜಿ

ಮೆಟ್ಟಿಲ ಮೇಲೆ ಲೇಸಮ್ಮನ ಚಪ್ಪಲಿ ಸದ್ದು ಕೇಳಿದ್ದೇ ತಡ, ಟೈಲರ್ ಮಾಸ್ಟರ್ ಗಬಕ್ಕನೆ ಡಬ್ಬಿಗೆ ಕೈ ಹಾಕಿ ನಾಲ್ಕಾರು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡರು. ಮಷೀನಿನ ಮೇಲಿದ್ದ ಕಾಲರಿಗೆ ಗುಂಡುಸೂಜಿಯ ಅಗತ್ಯವೇ ಇರಲಿಲ್ಲ.

"ಮಾಸ್ಟ್ರೇ, ಬ್ಯಾಂಡಿನವರ ಪ್ಯಾಂಟಿಗೆ ಚಿನ್ನದ ಬಣ್ಣದ ಲೇಸು ತಂದಿದೀನಿ."

"ಹ್ಞೂಂ," ಎಂದರು ಮಾಸ್ಟರ್, ಮೂಗಿನಿಂದ.

ಕೆಳಗಿನ ಗುಂಡಿ, ದಾರ, ಲೇಸಿನ ಅಂಗಡಿ ಆಕೆಯದು. ಬೀದಿಗೆಲ್ಲ ಆಕೆ ಲೇಸಮ್ಮ. ಐವತ್ತು ದಾಟಿದರೂ ಕಣ್ಣಿನ ತುಂಟತನಕ್ಕೆ ಇನ್ನೂ ಹದಿನಾರು. ಕಟಿಂಗ್ ಟೇಬಲ್ಲಿಗೆ ಮೊಣಕೈ ಊರಿ ಆಕೆ ಶುರು ಹಚ್ಚಿಕೊಂಡರು.

"ಇವತ್ತೊಬ್ಬರು ಬಂದು ಒಂದೇ ಒಂದು ಗುಂಡಿ ಕೊಡಿ ಅಂದ್ರು. ಯಾವ ಶರ್ಟಿಗೆ ಅಂತ ಕೇಳಿದೆ. ಶರ್ಟು ಇನ್ನೂ ತಗೊಂಡಿಲ್ಲ, ಮೊದ್ಲು ಗುಂಡಿ ಸಿಗುತ್ತಾ ನೋಡೋಣ ಅಂತ ಬಂದೆ ಅಂದ್ರು!"

ಮಾಸ್ಟರ ಹೊಟ್ಟೆಯಲ್ಲಿ ನಗು ಗುಳುಗುಳು ಎಂದಿತು. ಅವರು ಹುಬ್ಬು ಗಂಟಿಕ್ಕಿ, ಸೂಜಿಗಳನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿ, ಮಷೀನ್ ತುಳಿದರು. ಲೇಸಮ್ಮ ಅವರ ಮುಖವನ್ನೇ ನೋಡುತ್ತ ನಿಂತರು. ಮೊದಲು ಆ ಕಣ್ಣಲ್ಲಿ ಕೀಟಲೆಯಿತ್ತು, ಆಮೇಲೆ ಕಾಯುವಿಕೆ, ಕೊನೆಗೆ ಬರೀ ಸಪ್ಪೆ. ಲೇಸಿನ ಸುರುಳಿ ಇಟ್ಟು ಇಳಿದು ಹೋದರು.

ಸೂಜಿ ಉಗಿದು ಮಾಸ್ಟರ್ ತಲೆ ಹಿಡಿದು ಕೂತರು. ಪಾಪದ ಮನುಷ್ಯ, ಇನ್ನೇನು ಮಾಡಿಯಾರು?

ಚಳಿಗಾಲದಲ್ಲಿ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆಗಿತ್ತು. ಕ್ಯಾನ್ಸರ್ ಹೋಯಿತು, ಆದರೆ ಹೋಗುವಾಗ ಮೂತ್ರದ ಮೇಲಿನ ಹಿಡಿತವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನಿಧಾನಕ್ಕೆ ಸರಿಹೋಗುತ್ತದೆ, ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಮಾಡಿ ಎಂದಿದ್ದರು ಡಾಕ್ಟರ್. ಮಾಸ್ಟರ್ ಮಷೀನ್ ತುಳಿಯುತ್ತಲೇ ತಪ್ಪದೆ ಮಾಡುತ್ತಿದ್ದರು. ಪ್ಯಾಡ್ ಜಾರದಂತೆ ಒಳಚಡ್ಡಿಗೆ ತಾವೇ ಜೇಬು ಹೊಲಿದುಕೊಂಡಿದ್ದರು. ಈಗ ನಡೆದರೆ ತೊಂದರೆಯಿಲ್ಲ, ಕೆಮ್ಮಿದರೆ ಒಂದೆರಡು ಹನಿ. ನಕ್ಕರೆ ಮಾತ್ರ ಕಟ್ಟೆ ಒಡೆದ ಹಾಗೆ. ಪ್ಯಾಡಿಗೂ ಜಗ್ಗುತ್ತಿರಲಿಲ್ಲ.

ಅವರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದುದು ಇಡೀ ಬೀದಿಯಲ್ಲಿ ಒಬ್ಬರೇ. ಹೆಂಡತಿ ತೀರಿಕೊಂಡ ಮೇಲೆ ನಗುವುದನ್ನೇ ಮರೆತಿದ್ದ ಮನುಷ್ಯನಿಗೆ ನಗು ಮತ್ತೆ ಕಲಿಸಿದವರೂ ಆಕೆಯೇ. ಗಂಡನನ್ನು ಕಳೆದುಕೊಂಡ ಆ ಹೆಂಗಸು ಅಷ್ಟೊಂದು ನಗು ಎಲ್ಲಿಂದ ತರುತ್ತಿದ್ದರೋ! ಆಪರೇಷನ್ ದಿನ ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಮಾಸ್ಟರ್, "ವಾಪಸ್ ಬಂದ್ಮೇಲೆ ನಿಮ್ಮನ್ನ ಒಂದು ಮಾತು ಕೇಳೋದಿದೆ," ಎಂದಿದ್ದರು. "ಈಗ್ಲೇ ಕೇಳಿ," ಎಂದು ಲೇಸಮ್ಮ ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ವಾಪಸ್ ಬಂದದ್ದಾಯಿತು. ಮಾತು ಮಾತ್ರ ಹೊರಬಿದ್ದಿರಲಿಲ್ಲ.

ಮನೆಯಲ್ಲಿ ಅಕ್ಕನಿಗೆ ಎಲ್ಲವೂ ಗೊತ್ತು. "ಸಾವಿಗೆ ಹೆದರ್ಲಿಲ್ಲ, ಒದ್ದೆ ಚಡ್ಡಿಗೆ ಹೆದರ್ತಿದೀಯಲ್ಲೋ," ಎಂದು ಊಟಕ್ಕೆ ಕೂತಾಗಲೆಲ್ಲ ಮಂಗಳಾರತಿ ಎತ್ತುತ್ತಿದ್ದರು. "ಅವಳಿಗೊಂದು ಮಾತು ಹೇಳು. ನೀನು ಹೇಳದಿದ್ರೆ ನಾನೇ ಹೇಳ್ತೀನಿ ನೋಡು."

"ಅಕ್ಕಾ, ನಿನ್ನ ದಮ್ಮಯ್ಯ!"

ಮರುದಿನ ಲೇಸಮ್ಮ ಬರಿಗೈಯಲ್ಲಿ ಬಂದರು. ಚಪ್ಪಲಿ ಕೆಳಗೇ ಬಿಟ್ಟು ಬಂದಿದ್ದರಿಂದ ಸದ್ದೇ ಆಗಲಿಲ್ಲ. ಮಾಸ್ಟರ್ ಕೈ ಚಾಚುವ ಮೊದಲೇ ಸೂಜಿ ಡಬ್ಬಿ ಆಕೆಯ ಕಂಕುಳಲ್ಲಿತ್ತು.

"ಇದಿಲ್ದೆ ಒಂದು ನಿಮಿಷ ನನ್ನ ಜೊತೆ ಮಾತಾಡಿ. ನಾನು ಬಂದ ತಕ್ಷಣ ಬಾಯಿಗೆ ಸೂಜಿ ಇಟ್ಕೋತೀರಿ. ನನ್ನ ಮಾತು ಬೇಡ ಅಂತ ತಾನೆ? ನಂಗೂ ಅರ್ಥ ಆಗುತ್ತೆ. ಅವತ್ತು ಅದೇನೋ ಕೇಳೋದಿದೆ ಅಂದ್ರಲ್ಲ, ಆಪರೇಷನ್ ಭಯದಲ್ಲಿ ಅಂದಿರ್ತೀರಿ. ನಾನದನ್ನ ಮರೆತುಬಿಡ್ತೀನಿ. ಇನ್ನು ಮೇಲೆ ದಾರ ಬೇಕಾದ್ರೆ ಫೋನ್ ಮಾಡಿ, ಬುಟ್ಟಿಗೆ ಹಗ್ಗ ಕಟ್ಟಿ ಮೇಲಕ್ಕೆ ಕಳಿಸ್ತೀನಿ."

ಆಕೆ ಮೆಟ್ಟಿಲ ಕಡೆ ತಿರುಗಿದರು. ಈಗ ಸುಮ್ಮನಿದ್ದರೆ ಈ ಹೆಂಗಸು ಮತ್ತೆ ಮೆಟ್ಟಿಲು ಹತ್ತುವುದಿಲ್ಲ.

"ನಕ್ಕರೆ ಸೋರುತ್ತೆ," ಎಂದುಬಿಟ್ಟರು.

"ಏನು?"

"ಮೂತ್ರ. ಆಪರೇಷನ್ ಆದಾಗಿಂದ. ನೀವು ನಗಿಸ್ತೀರಿ, ನಂಗೆ ತಡಕೊಳ್ಳೋಕಾಗಲ್ಲ. ಅದಕ್ಕೇ ಸೂಜಿ." ನೆಲ ಬಿರಿದು ನುಂಗಬಾರದೇ ಅನ್ನಿಸಿ ಅವರು ತಲೆ ತಗ್ಗಿಸಿದರು. "ನಿಮ್ಮ ಮಾತು ಬೇಡ ಅಂತಲ್ಲ. ಅದಿಲ್ದೆ ಈ ಅಂಗಡಿ ಗೋದಾಮಿನ ಥರ ಆಗಿದೆ."

ಲೇಸಮ್ಮ ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟರು. ಅವರ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಇಷ್ಟೇನಾ? ನಾನು ಏನೇನೋ ಅಂದ್ಕೊಂಡು ರಾತ್ರಿಯೆಲ್ಲಾ ಅತ್ತೆ. ಮಾಸ್ಟ್ರೇ, ಎರಡನೇ ಹೆರಿಗೆ ಆದಾಗಿಂದ ನನ್ನ ಕಥೆನೂ ಅದೇ. ಸೀನು ಬಂದ್ರೆ ಕಾಲಿಗೆ ಕಾಲು ಹೆಣೆದು, ಕಣ್ಣು ಮುಚ್ಚಿ ನಿಂತ್ಕೋತೀನಿ. ಗಿರಾಕಿಗಳು ನಾನು ಲೆಕ್ಕ ಹಾಕ್ತಿದೀನಿ ಅಂದ್ಕೋತಾರೆ. ಮೊನ್ನೆ ಒಬ್ಬರು, ಪಾಪ ಇಷ್ಟು ಕಷ್ಟಪಟ್ಟು ಕೂಡಬೇಡಿ ಅಂತ ಕ್ಯಾಲ್ಕುಲೇಟರ್ ತಂದ್ಕೊಟ್ರು!"

ಕಾಲು ಹೆಣೆದು ಕಣ್ಣು ಮುಚ್ಚಿ ನಿಂತ ಲೇಸಮ್ಮ ಮಾಸ್ಟರ ಕಣ್ಣಮುಂದೆ ಬಂದೇಬಿಟ್ಟರು. ತುಟಿ ಕಚ್ಚಿದರು, ಆಗಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟ ನಗುವೆಲ್ಲ ಒಂದೇ ಸಲಕ್ಕೆ ಹೊರಬಿತ್ತು. ಟೇಬಲ್ ಗುದ್ದಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರನ್ನು ನೋಡಿ ಲೇಸಮ್ಮನೂ ಸ್ಟೂಲ್ ಹಿಡಿದುಕೊಂಡು ನಕ್ಕರು.

"ಆಗೋಯ್ತು," ಎಂದರು ಮಾಸ್ಟರ್, ಏದುಸಿರು ಬಿಡುತ್ತ.

"ಆಗ್ಲಿ ಬಿಡಿ. ಹೋಗಿ ಬದಲಾಯಿಸ್ಕೊಂಡು ಬನ್ನಿ. ಯಾರಾದ್ರೂ ಬಂದ್ರೆ ಅಳತೆ ನಾನು ತಗೋತೀನಿ."

ಟ್ರಯಲ್ ರೂಮಿನ ಪರದೆ ಎಳೆದುಕೊಂಡ ಮೇಲೆ ಮಾಸ್ಟರಿಗೆ ನೆನಪಾಯಿತು. ಬದಲಿಗೆಂದು ತಂದಿಟ್ಟುಕೊಂಡಿದ್ದ ಪ್ಯಾಂಟನ್ನು ಬೆಳಿಗ್ಗೆ ಬಿಡದೆ ಕೆಮ್ಮು ಬಂದಾಗಲೇ ಹಾಕಿಕೊಂಡಾಗಿತ್ತು. ಗೂಟದಲ್ಲಿ ನೇತಾಡುತ್ತಿದ್ದುದು ಬ್ಯಾಂಡಿನವರ ಕೆಂಪು ಪ್ಯಾಂಟೊಂದೇ, ಪಕ್ಕದುದ್ದಕ್ಕೂ ಮಿರಿಮಿರಿ ಲೇಸು. ಬೇರೆ ದಾರಿಯಿಲ್ಲದೆ ಅದಕ್ಕೇ ಕಾಲು ತೂರಿಸಿದರು. ಮುಖ ಕಾಣದ ಆ ಜಾಗದಲ್ಲಿ ಯಾಕೋ ಧೈರ್ಯ ಬಂತು.

"ಲೇಸಮ್ಮ, ಆ ಮಾತು... ಈಗ ಕೇಳ್ಲಾ?"

"ಪರದೆ ಹಿಂದಿನಿಂದ ಕೇಳಿದ್ರೆ ಉತ್ತರ ಇಲ್ಲ. ಆಚೆ ಬನ್ನಿ."

ಬಂದರು. ಲೇಸಮ್ಮ ತಲೆಯಿಂದ ಕಾಲಿನವರೆಗೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನಗ್ಬೇಡಿ, ನಂಗೂ ಬರುತ್ತೆ," ಎಂದು ಗೋಗರೆದರು ಮಾಸ್ಟರ್. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು, "ನನ್ನನ್ನ ಮದ್ವೆ ಆಗ್ತೀರಾ? ಮೊದ್ಲೇ ಹೇಳಿಬಿಡ್ತೀನಿ. ಇದು ಪೂರ್ತಿ ನಿಲ್ಲುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ನಿಲ್ಲದೇನೂ ಇರಬಹುದು."

ಲೇಸಮ್ಮ ಎದ್ದು ಬಂದು ಅವರ ಕೈ ಹಿಡಿದರು. ವರ್ಷಗಟ್ಟಲೆ ಕತ್ತರಿ ಹಿಡಿದು ಜಡ್ಡುಗಟ್ಟಿದ ಹೆಬ್ಬೆರಳನ್ನು ಮೆಲ್ಲಗೆ ಸವರಿದರು.

"ನಿಲ್ಲದಿದ್ರೆ ಏನೀಗ? ಒಗೆಯೋಕೆ ಮನೇಲಿ ವಾಷಿಂಗ್ ಮಷೀನ್ ಇದೆ. ಜೊತೆಗೆ ನಗೋಕೆ ನೀವೇ ಬೇಕು."