ಕಾಶಪ್ಪ ಮುಂಬಯಿಯಲ್ಲಿ ಕಲಿತ ವಿದ್ಯೆ

ನಿಜಾಮರ ಕಾಲದ ಫಸಲಿ 1347, ಬೇಸಿಗೆಯ ಖುರ್ದಾದ್ ತಿಂಗಳ ಒಂಬತ್ತನೇ ತಾರೀಖು, ಮುಂಜಾನೆ ಎಂಟೂವರೆ. ಸೇಡಂ ಠಾಣೆಯ ಅಧಿಕಾರಿ, ಅಮೀನ್ ಮೆಹತಾಬ್ ಅಲಿ, ಚಹಾದ ಬಸಿ ಕೆಳಗಿಡುವಷ್ಟರಲ್ಲಿ ಆಡಕಿಯ ನೀಲಾಬಾಯಿ ಬಾಗಿಲಲ್ಲಿ ಬಂದು ನಿಂತಳು. ನಲವತ್ತರ ಆಸುಪಾಸಿನ ವಿಧವೆ. ಬಿಸಿಲಲ್ಲಿ ನಡೆದು ಬಂದಿದ್ದಳು, ಕಾಲು ಮೊಣಕಾಲತನಕ ಧೂಳಾಗಿದ್ದವು.

"ಸಾಹೇಬ್ರ, ನನ್ನ ಮಗನ ಟ್ರಂಕ್ ಬಂದದ. ಮಗ ಬಂದಿಲ್ಲರಿ."

"ಕುಂದ್ರಿ ಬಾಯಿ. ಹೆಸರೇನು? ಎಲ್ಲಿಂದ ಬರಬೇಕಿತ್ತು?"

"ಕಾಶಪ್ಪರಿ. ಮುಂಬೈಲಿಂದ. ಮೂರು ವರ್ಷ ಆಯ್ತು, ಅಲ್ಲಿ ಓದಾಕತ್ತಾನ. ಆರನೇ ತಾರೀಖಿಗಿ ಬರ್ತೀನಂತ ಬರದಿದ್ದ. ಟ್ರಂಕ್ ಸ್ಟೇಷನ್ನಾಗೇ ಬಿದ್ದದ ಅಂತ ನಿನ್ನಿ ಹಮಾಲ ಬಂದು ಹೇಳ್ದ."

"ಏನ್ ಓದಾಕತ್ತಾನ?"

ನೀಲಾಬಾಯಿ ಸೆರಗು ಸರಿಮಾಡಿಕೊಂಡಳು. "ಬಣ್ಣದ ವಿದ್ಯಾರಿ. ಅರಿವಿಗಿ ಬಣ್ಣ ಹಾಕೋದು."

ಮೆಹತಾಬ್ ಅಲಿಗೆ ಅನುಮಾನ ಹುಟ್ಟುಗುಣ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಯಾರು ಬಂದು ಹೋದರು ಎಂದು ಕೇಳುವ ಮನುಷ್ಯ. ಸೆರಗು ತಲೆಯ ಮೇಲೆ ಸರಿಯಾಗಿಯೇ ಇತ್ತು, ಅದನ್ನು ಮತ್ತೆ ಯಾಕೆ ಸರಿಮಾಡಿಕೊಂಡಳು ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ಎಫ್‌ಐಆರ್ ಬರೆಸಿಕೊಂಡು, ನೀಲಾಬಾಯಿಯನ್ನೂ ಪೊಲೀಸ್ ಜವಾನ ಹಣಮಂತರಾಯನನ್ನೂ ಜೊತೆಗೆ ಕರೆದುಕೊಂಡು ರೈಲು ಸ್ಟೇಷನ್ನಿಗೆ ನಡೆದ.

ಟ್ರಂಕನ್ನು ಇಬ್ಬರು ಪಂಚರ ಮುಂದೆ ಒಡೆಯಲಾಯಿತು. ಪಂಚನಾಮೆಯಲ್ಲಿ ಬರೆದದ್ದು: ಅಂಗಿ ನಾಲ್ಕು, ಪ್ಯಾಂಟು ಎರಡು, ಗೆರೆ ಹಾಕಿ ಅಂಕಿ ಬರೆದ ಗಾಜಿನ ಕೊಳವೆ ಒಂದು, ಮೊಳಕೆ ಬರಿಸಿ ಒಣಗಿಸಿದ ಜೋಳ ಒಂದು ಗಂಟು, ಬಿರಡೆ ಹಾಕಿದ ಬಾಟಲಿ ಎರಡು, ಕನ್ನಡದಲ್ಲಿ ಬರೆದ ನೋಟುಬುಕ್ಕು ಒಂದು. ಬಣ್ಣದ ಪುಡಿ ಒಂದು ಚಿಟಿಕೆಯೂ ಇರಲಿಲ್ಲ.

ಹಣಮಂತರಾಯ ನೋಟುಬುಕ್ಕು ಓದಿದ. ಜೋಳವನ್ನು ಎರಡು ದಿನ ನೆನೆಹಾಕಬೇಕು, ಮೊಳಕೆ ಕಾಳಿನಷ್ಟು ಉದ್ದವಾದಾಗ ಒಣಗಿಸಬೇಕು, ಬೇರು ಉದುರಿಸಿ ಬೀಸಬೇಕು, ಬಿಸಿನೀರಲ್ಲಿ ಕಲಸಿ ಸಿಹಿ ಬಿಡಿಸಬೇಕು, ಆಮೇಲೆ ಹುಳಿಗೆ ಬಿಡಬೇಕು. ಎಲ್ಲ ಪುಟದಲ್ಲೂ ದಿನ, ಗಂಟೆ, ಉಷ್ಣ. ಒಂದು ಪುಟದ ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: 'ಇಲ್ಲಿ ಎಲ್ಲರೂ ವಿಲಾಯತಿ ಜವೆಗೋಧಿ ಬೇಕು ಎನ್ನುತ್ತಾರೆ. ನಮ್ಮ ಆಡಕಿಯ ಜೋಳ ಅದಕ್ಕೇನೂ ಕಡಿಮೆಯಿಲ್ಲ. ಮಾಸ್ತರರು ಕುಡಿದು ನೋಡಿ ನನ್ನ ಬೆನ್ನು ತಟ್ಟಿದರು.'

"ಬಾಯಿ," ಅಂದ ಮೆಹತಾಬ್ ಅಲಿ, "ನಿಮ್ಮ ಮಗ ಕುಡಿಯೋ ಬೀರು ಮಾಡೋದು ಕಲ್ತಾನ."

ನೀಲಾಬಾಯಿ ಪ್ಲಾಟ್‌ಫಾರಮ್ಮಿನ ಮೇಲೇ ಕುಸಿದು ಕೂತಳು. "ನನಗ ಗೊತ್ತದರಿ. ನನಗೊಬ್ಬಾಕಿಗೇ ಹೇಳ್ಯಾನ. ಚಿತ್ತಾಪುರದ ನಮ್ಮಣ್ಣ ಬಸವಂತರಾಯನ ಮಗಳಿಗಿ ಅವನ್ನ ಮಾತಾಡೀವಿ. ಲಿಂಗವಂತರ ಮನಿ ಹುಡುಗ ಹೆಂಡ ಕಾಯಿಸೋದು ಕಲ್ತಾನಂತ ಅಣ್ಣಗ ತಿಳಿದ್ರ ಸಂಬಂಧ ಉಳೀತದೇನ್ರಿ? ಅದಕ್ಕ ಬಣ್ಣ ಅಂತ ಸುಳ್ಳ ಹೇಳ್ಕೋತ ಬಂದೆ. ಓದು ಹ್ಯಾಂಗರೆ ಇರ್ಲಿ, ನನ್ನ ಮಗನ್ನ ಹುಡುಕಿ ಕೊಡ್ರಿ."

ನೋಟುಬುಕ್ಕಿನ ನಡುವೆ ಒಂದು ಕಾಗದ ಸಿಕ್ಕಿತು. ಚಿಂಚೋಳಿಯ ಆಬಕಾರಿ ಗುತ್ತೇದಾರರ ಮುನ್ಷಿ ಮಜೀದಸಾಬ ಬರೆದದ್ದು. 'ನೀವು ಬಂದ ಕೂಡಲೇ ನಮ್ಮ ಭಟ್ಟಿ ನೋಡಿಕೊಳ್ಳಬೇಕು, ಬೇರೆಯವರ ಕಡೆ ಹೋದರೆ ಚೆನ್ನಾಗಿರುವುದಿಲ್ಲ.' ಕೊನೆಯ ಮಾತನ್ನು ಮೆಹತಾಬ್ ಅಲಿ ಮೂರು ಸಲ ಓದಿಸಿ ಕೇಳಿದ.

ಹತ್ತನೇ ತಾರೀಖು ಮುಂಜಾನೆ, ಅಮೀನ್ ಚಿಂಚೋಳಿಗೆ ಹೊರಡಲು ಕುದುರೆ ಹತ್ತುವ ಹೊತ್ತಿಗೆ, ಬಸವಂತರಾಯ ತಾನಾಗಿಯೇ ಠಾಣೆಗೆ ಬಂದ. ಐವತ್ತರ ಮೇಲಿನ ಗಟ್ಟಿ ಆಳು. ಹಣೆ ತುಂಬ ವಿಭೂತಿ. ಮಠದ ಕೆಲಸಕ್ಕೆಲ್ಲ ಮುಂದೆ ನಿಲ್ಲುವವನು, ಚಿತ್ತಾಪುರದಲ್ಲಿ ಅವನ ಮಾತಿಗೆ ಬೆಲೆ ಇತ್ತು. ಎರಡೂ ಅಂಗೈಗೆ ಅರಿವೆ ಸುತ್ತಿಕೊಂಡಿದ್ದ.

"ಕೈಗೇನಾಯ್ತು?"

"ಎತ್ತಿನ ಹಗ್ಗ ಜಗ್ಗಿ ಗುಳ್ಳಿ ಎದ್ದಾವರಿ."

"ಅಳಿಯನ್ನ ನೋಡಿದ್ರೇನು?"

"ಆರನೇ ತಾರೀಖಿಗಿ ಚಿತ್ತಾಪುರ ಸ್ಟೇಷನ್ನಿಗಿ ಹೋಗಿದ್ದೆರಿ. ಗಾಡಿ ಬಂತು, ಅಂವ ಇಳೀಲಿಲ್ಲ. ಸೀದಾ ಊರಿಗಿ ಹೋಗಿರಬೇಕು ಅನ್ಕೊಂಡೆ."

ಅವನು ಹೋದ ಮೇಲೆ ಮೆಹತಾಬ್ ಅಲಿ ಠಾಣೆಯ ದಿನಚರಿ ರೋಜನಾಮಚಾದಲ್ಲಿ 'ಅಂಗೈ' ಎಂದಷ್ಟೇ ಬರೆದಿಟ್ಟ. ಚಿಂಚೋಳಿ ಮುಟ್ಟಿದಾಗ ಮಧ್ಯಾಹ್ನ ಮೂರು.

ಮಜೀದಸಾಬ ಭಟ್ಟಿಯ ಮುಂದೆ ಇಪ್ಪೆ ಹೂವಿನ ರಾಶಿಯ ಹತ್ತಿರ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ.

"ಚೆನ್ನಾಗಿರೂದಿಲ್ಲ ಅಂದ್ರ ಏನ್ ಅರ್ಥ, ಮುನ್ಷಿ?"

"ತೋಬಾ ತೋಬಾ, ಹಂಗ ಬರೀಬಾರದಿತ್ತು. ನಮ್ಮ ಸಾಹುಕಾರರು ಬಾಜೂಕ ಕುಂತು ಬರೆಸ್ಯಾರ."

"ಆರನೇ ತಾರೀಖಿಗಿ ಎಲ್ಲಿದ್ದಿ?"

"ಗುಲಬರ್ಗಾ ಆಬಕಾರಿ ಕಚೇರಿಯಾಗ. ಹಾಜರಿ ಬುಕ್ಕಿನಾಗ ನನ್ನ ಸಹಿ ಅದ. ಸಾಬ್, ನಾ ಯಾಕ ಅಂವಗ ತ್ರಾಸ ಕೊಡಲಿ? ಈ ಮುಲ್ಕಿನಾಗ ಇಂಥಾ ಇಲಂ, ಇಂಥಾ ವಿದ್ಯಾ ಕಲ್ತವ ಮತ್ತೊಬ್ಬ ಇಲ್ಲ." ಸಂದೂಕದಿಂದ ಒಂದು ಕಾರ್ಡು ತೆಗೆದು ಕೊಟ್ಟ. "ನೋಡ್ರಿ, ಅಂವ ಕೊಟ್ಟ ಜವಾಬು."

ಕಾರ್ಡಿನಲ್ಲಿ ಕಾಶಪ್ಪ ಬರೆದಿದ್ದ: ಇಪ್ಪೆಯ ಸಾರಾಯಿ ನಾನು ಮಾಡುವವನಲ್ಲ. ಜೋಳದ ಬೀರಿಗೆ ಒಪ್ಪುವುದಾದರೆ ಬರುತ್ತೇನೆ. ಚಿತ್ತಾಪುರದಲ್ಲಿ ಇಳಿದು, ಮಾವನಿಗೆ ಎಲ್ಲವನ್ನೂ ಹೇಳಿ, ಆಮೇಲೆ ಊರಿಗೆ ಹೋಗುತ್ತೇನೆ.

ಗುಲಬರ್ಗಾದ ಸಹಿ ಖರೇ ಎಂದು ಮರುದಿನ ತಂತಿ ಬಂತು. ಹನ್ನೆರಡನೇ ತಾರೀಖಿಗೆ ಮೆಹತಾಬ್ ಅಲಿ ಚಿತ್ತಾಪುರದ ಸ್ಟೇಷನ್ ಮಾಸ್ತರನ ಮುಂದೆ ಕೂತಿದ್ದ. ಪ್ರಯಾಣಿಕರಿಂದ ಪಡೆದ ಟಿಕೆಟ್ಟುಗಳನ್ನು ಮಾಸ್ತರ ದಿನವಾರು ದಾರ ಕಟ್ಟಿ ಇಟ್ಟಿದ್ದ. ಆರನೇ ತಾರೀಖಿನ ಕಟ್ಟಿನಲ್ಲಿ, ವಾಡಿ, ಶಹಾಬಾದಿನ ಟಿಕೆಟ್ಟುಗಳ ನಡುವೆ, ಮುಂಬಯಿಯಿಂದ ಸೇಡಂಗೆ ತೆಗೆದ ಒಂದು ಟಿಕೆಟ್ಟು ಇತ್ತು. ಲಗೇಜ್ ಡಬ್ಬಿಯ ಟ್ರಂಕು ಸೇಡಂಗೆ ಹೋಗಿತ್ತು, ಒಡೆಯ ಇಲ್ಲೇ ಇಳಿದಿದ್ದ. ಬಸವಂತರಾಯ ಸುಳ್ಳು ಹೇಳಿದ್ದ.

ಆದರೆ ಸುಳ್ಳು ಹೇಳಿದವರನ್ನೆಲ್ಲ ಒಳಗೆ ಹಾಕಿದರೆ ನೀಲಾಬಾಯಿಯನ್ನೂ ಹಾಕಬೇಕಾಗುತ್ತಿತ್ತು. ಅಮೀನ್ ತಡೆದುಕೊಂಡ. ಬಸವಂತರಾಯನ ಮೇಲೆ ಕಣ್ಣಿಡಲು ಒಬ್ಬ ಜವಾನನನ್ನು ಬಿಟ್ಟು, ಉಳಿದವರಿಗೆ ಕಾಗಿಣಾ ನದಿಯ ದಂಡೆ ಹುಡುಕಲು ಹೇಳಿದ. ಹದಿಮೂರನೇ ತಾರೀಖು ಮುಂಜಾನೆ ಒಬ್ಬ ಕಲ್ಲುಕುಟಿಗ ಬಂದು, ನದಿಯ ಬದಿಯ ಹಾಳು ಗಣಿಯಲ್ಲಿ ಹೊಸ ಮಣ್ಣಿನ ಮೇಲೆ ಯಾರೋ ಫರಸಿ ಕಲ್ಲು ಹಾಸಿದ್ದಾರೆ ಎಂದ. ಗಣಿಯಿಂದ ಬಸವಂತರಾಯನ ಹೊಲ ಕೂಗಳತೆ ದೂರ.

ತಹಶೀಲ್ದಾರರೂ ಪಂಚರೂ ಬಂದ ಮೇಲೆ, ಹತ್ತೂವರೆಗೆ, ಮಣ್ಣು ತೆಗೆಸಿದರು. ದರೋಡೆಕೋರರು ಕೊಂದಿದ್ದರೆ ಒಂದು ಮೊಳದಲ್ಲೇ ಹೆಣ ಸಿಗಬೇಕಿತ್ತು. ಇದು ಆಳೆತ್ತರ ದಾಟಿದರೂ ಮುಗಿಯಲಿಲ್ಲ. ಒಂದು ಬದಿಗೆ ಒಬ್ಬನೇ ಹತ್ತಿ ಇಳಿಯುವಷ್ಟು ಮೆಟ್ಟಿಲು ಕಡಿದಿದ್ದರು. ತಳದ ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಹುಡುಗನನ್ನು ಪದ್ಮಾಸನ ಹಾಕಿಸಿ ಕೂರಿಸಿದ್ದರು. ಮೈತುಂಬ ವಿಭೂತಿ, ಎಡ ಅಂಗೈಯಲ್ಲಿ ಅವನ ಇಷ್ಟಲಿಂಗ, ಸುತ್ತಲೂ ಒಣಗಿದ ಬಿಲ್ವಪತ್ರಿ. ತಲೆಯ ಹಿಂದೆ ಕಲ್ಲಿನ ಏಟು.

ಹಣಮಂತರಾಯ ರುಮಾಲು ತೆಗೆದು ಕೈಮುಗಿದ. "ಸಾಹೇಬ್ರ, ಕೊಂದವಗ ಇಷ್ಟು ಮಾಡೋ ದರಕಾರ ಏನಿತ್ತರಿ? ಇದು ನಮ್ಮ ಲಿಂಗವಂತರ ಪೂರಾ ಕ್ರಿಯಾಸಮಾಧಿ. ನಮ್ಮಪ್ಪಗ ಹತ್ತು ಮಂದಿ ಕೂಡಿ ತೋಡಿದ್ದೂ ಇಷ್ಟು ನೆಟ್ಟಗ ಇರಲಿಲ್ಲ."

ಗುರುತು ಹಿಡಿಯಲು ನೀಲಾಬಾಯಿಯನ್ನು ಕರೆತಂದರು. ಮಗನ ಮುಖ ನೋಡಿ ಅವಳು ಚೀರಲಿಲ್ಲ. ಅವನ ಮೈಮೇಲಿನ ಕೆಂಪಂಚಿನ ಹೊಸ ಧೋತ್ರದ ತುದಿ ಹಿಡಿದು ತಿರುವಿ ನೋಡಿದಳು. ಅಲ್ಲಿ ಅರಿಶಿಣದ ಒಂದು ಬೊಟ್ಟು ಇತ್ತು.

"ಈ ಬೊಟ್ಟು ನಾ ಹಚ್ಚೀನಿ," ಅಂದಳು. ದನಿ ಅವಳದ್ದಲ್ಲವೆಂಬಂತೆ ಇತ್ತು. "ಮದಿವಿ ನಿಶ್ಚೆಕ್ಕ ಹುಡುಗಗ ಉಡಿಸಬೇಕಂತ ಅಣ್ಣ ತಂದಿದ್ದ. ಅವನ ಮನಿ ಪೆಟಿಗ್ಯಾಗ ನಾನೇ ಮಡಚಿ ಇಟ್ಟೀನಿ. ಸಾಹೇಬ್ರ, ಇದು ಇಲ್ಲಿಗಿ ಹ್ಯಾಂಗ ಬಂತು?"

ಕೇಳುತ್ತ ಕೇಳುತ್ತಲೇ ಅವಳಿಗೆ ಗೊತ್ತಾಗಿಹೋಯಿತು. ಮೆಹತಾಬ್ ಅಲಿ ಇಪ್ಪತ್ತು ವರ್ಷದ ನೌಕರಿಯಲ್ಲಿ ಬಹಳ ಹೆಣ ನೋಡಿದ್ದ, ಆದರೆ ಆ ಹೆಂಗಸಿನ ಮುಖ ನೋಡಲಾರದೆ ಹೊಳೆಯ ಕಡೆ ತಿರುಗಿ ನಿಂತ.

ಅದೇ ದಿನ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಬಸವಂತರಾಯನನ್ನು ಅವನ ಮನೆಯ ಪಡಸಾಲೆಯಲ್ಲಿ ದಸ್ತಗಿರಿ ಮಾಡಲಾಯಿತು. ಓಡಲಿಲ್ಲ, ಜಗಳವಾಡಲಿಲ್ಲ. ಅಂಗೈಯ ಅರಿವೆ ಬಿಚ್ಚಿ ತೋರಿಸಿದ. ಗುದ್ದಲಿಯ ಗುಳ್ಳೆಗಳು ಒಡೆದು ಕೀವಾಗಿದ್ದವು.

"ಏನಾಯ್ತು, ಹೇಳು."

"ಗಾಡಿ ಇಳಿದ ಕೂಡ್ಲೆ ಹೊಲಕ್ಕ ಕರಕೊಂಡು ಹೋದೆರಿ. ಇಬ್ಬರೂ ಬುತ್ತಿ ಉಂಡ್ವಿ. ಆಮ್ಯಾಲ ಕೈಚೀಲದಾಗಿಂದ ಬಾಟ್ಲಿ ತೆಗದ. 'ಮಾವ, ನಿಮಗ ಸುಳ್ಳ ಹೇಳೀವಿ, ನಾ ಬಣ್ಣದ ಓದು ಓದಿಲ್ಲ. ಇದನ್ನ ನಾನೇ ಮಾಡೀನಿ, ನಮ್ಮ ಜೋಳದ್ದು, ಒಂದು ಗುಟುಕು ನೋಡ್ರಿ' ಅಂದ. ತಾನೂ ಕುಡದ, ನಕ್ಕೋತ. ಬಾಯಾಗಿಂದ ಆ ವಾಸನಿ ಬಂತರಿ."

"ಯಾವ ವಾಸನಿ?"

"ನಮ್ಮಪ್ಪಂದು."

ಮುಂದಿನ ಹೇಳಿಕೆಯನ್ನು ಹಣಮಂತರಾಯ ನಿಧಾನವಾಗಿ ಬರೆದುಕೊಂಡ. ಮೂವತ್ತೈದು ವರ್ಷದ ಹಿಂದೆ ಬಸವಂತರಾಯನ ಅಪ್ಪ ಕುಡಿದು ಚಿಂಚೋಳಿ ಹಾದಿಯ ಬದಿ ಬಿದ್ದು ಸತ್ತ. ಕುಡುಕನ ಹೆಣಕ್ಕೆ ಊರಿನ ಒಬ್ಬರೂ ಹೆಗಲು ಕೊಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಹದಿನೆಂಟರ ಬಸವಂತರಾಯ ಒಬ್ಬನೇ ಹೊತ್ತ, ಒಬ್ಬನೇ ಕುಣಿ ತೋಡಿದ. ಪುಟ್ಟ ತಂಗಿ ನೀಲಾಬಾಯಿಗೆ ಅಪ್ಪ ಹಾವು ಕಡಿದು ಸತ್ತನೆಂದು ಹೇಳಿದ್ದ. ಆ ಮೇಲೆ ಮಠ, ಮಾನ, ಮರ್ಯಾದೆ ಎಂದು ಬದುಕಿದ್ದೆಲ್ಲ ಆ ದಿನವನ್ನು ಮರೆಸಲಿಕ್ಕೆ.

"ಇವಂಗೂ ಹಂಗೇ ಆಗ್ತದ, ಇವನ ಮಣ್ಣಿಗೂ ಯಾರೂ ಬರೂದಿಲ್ಲ ಅನಿಸ್ತರಿ. ಕಲ್ಲು ಕೈಯಾಗ ಯಾವಾಗ ಬಂತೋ ಗೊತ್ತಿಲ್ಲ."

"ಕೊಂದ ಮ್ಯಾಲ ಇಷ್ಟೆಲ್ಲಾ ಕ್ರಿಯಾ ಯಾಕ ಮಾಡ್ದಿ?"

ಬಸವಂತರಾಯ ಅಮೀನನ ಮುಖವನ್ನು ಮಿಕಿಮಿಕಿ ನೋಡಿದ. "ನಮ್ಮ ಹುಡುಗ ಅಲ್ಲೇನ್ರಿ?"

ಡಾಕ್ಟರರ ಪರೀಕ್ಷೆ ಮುಗಿದು, ಹದಿನಾಲ್ಕನೇ ತಾರೀಖಿಗೆ ಹೆಣವನ್ನು ಆಡಕಿಗೆ ಒಯ್ಯಲು ಹುಕುಂ ಬಂತು. ಹುಡುಗ ಮುಂಬಯಿಯಲ್ಲಿ ಏನು ಕಲಿತಿದ್ದ ಎಂಬ ಸುದ್ದಿ ಅಷ್ಟರಲ್ಲಿ ತಾಲೂಕು ತುಂಬ ಹರಡಿತ್ತು. ಊರವರು ಅಡ್ಡಬರುತ್ತಾರೆ ಎಂದು ಮೆಹತಾಬ್ ಅಲಿಗೆ ಖಾತ್ರಿಯಿತ್ತು. ನಾಲ್ಕು ಜನ ಜವಾನರನ್ನು ಲಾಠಿ ಸಮೇತ ಬಂಡಿಯ ಹಿಂದೆ ನಡೆಸಿಕೊಂಡು ಹೋದ.

ಸಮಾಧಿಯ ಜಾಗದಲ್ಲಿ ಊರಿಗೆ ಊರೇ ಸೇರಿತ್ತು. ಕುಣಿ ಆಗಲೇ ತಯಾರಾಗಿತ್ತು. ನೀಲಾಬಾಯಿಯ ಮನೆಯಿಂದ ಕಾಶಪ್ಪನ ಹಳೇ ಕೆರ ತರಿಸಿ, ಪದ್ಧತಿ ತಪ್ಪದಂತೆ ಅವನ ಪಾದದಿಂದಲೇ ಕುಣಿಯ ಅಳತೆ ಹಾಕಿದ್ದರು. ಮೈಯೆಲ್ಲ ಮಣ್ಣಾಗಿದ್ದ ಹಿರಿಯ ದೇವಿಂದ್ರಪ್ಪನನ್ನು ಅಮೀನ್ ಬದಿಗೆ ಕರೆದ.

"ಹುಡುಗ ಏನ್ ಓದ್ಯಾನ ಅಂತ ಗೊತ್ತದೇನು?"

"ಗೊತ್ತದರಿ."

"ಮತ್ತ?"

"ಮತ್ತೇನ್ರಿ? ಬಂಡಿ ಇತ್ಲಾಗ ತರಸ್ರಿ, ಬಿಸಿಲು ಏರಾಕತ್ತದ."

ಸಂಜೆ ಠಾಣೆಗೆ ಮರಳಿದಾಗ ಬಸವಂತರಾಯ ಸರಳು ಹಿಡಿದು ಕಾಯುತ್ತ ನಿಂತಿದ್ದ.

"ಸಾಹೇಬ್ರ, ಮಣ್ಣಿಗಿ ಯಾರರೆ ಬಂದಿದ್ರೇನ್ರಿ?"

ಒಬ್ಬ ಆರೋಪಿಗೆ ಸುಳ್ಳು ಹೇಳಿಬಿಡೋಣ ಎಂದು ಮೆಹತಾಬ್ ಅಲಿಗೆ ಅನಿಸಿದ್ದು ನೌಕರಿಯಲ್ಲಿ ಅದೇ ಮೊದಲು. ಆದರೆ ಆ ಅಭ್ಯಾಸ ಅವನಿಗೆ ಇರಲಿಲ್ಲ.

"ಊರೆಲ್ಲಾ ಬಂದಿತ್ತು," ಅಂದ.

ಬಸವಂತರಾಯ ಸರಳು ಬಿಟ್ಟು ಗೋಡೆಗೆ ಮುಖ ಮಾಡಿ ಕೂತ. ಎರಡು ದಿನ ಅನ್ನ ಮುಟ್ಟಲಿಲ್ಲ ಎಂದು ರೋಜನಾಮಚಾದಲ್ಲಿ ದಾಖಲಾಗಿದೆ.