ಹೆರಾಲ್ಡೋ, ಜೀಪೋ

ಮರಿಯಮ್ಮನಹಳ್ಳಿಯ ಗುಜರಿ ಅಂಗಡಿಯಲ್ಲಿ ಒಂದೇ ಹಳೆ ಫಿಯೆಟ್ ಕಾರಿನ ಎರಡು ಬಾಗಿಲು ಹಿಡಿದು ಅವರಿಬ್ಬರೂ ಜಗಳಕ್ಕೆ ನಿಂತಿದ್ದರು. ಎಡಗಡೆ ಪಲ್ಲವಿ, ಬಲಗಡೆ ಮನೋಹರ್. ಅದಕ್ಕೂ ಮೊದಲು ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

"ಇದಕ್ಕ ನಾನು ಮೊದಲು ಮಾತಾಡೀನಿ," ಎಂದಳು ಪಲ್ಲವಿ.

"ನಿಮ್ಮ ಮನಿಯವರನ್ನ ಕರೀರಿ ಮೇಡಂ, ಅವರ ಜೊತಿ ಮಾತಾಡ್ತೀನಿ," ಎಂದ ಮನೋಹರ್. ಯಾವನೋ ಗಂಡಸಿನ ಪರವಾಗಿ ಅವಳು ಬಂದಿದ್ದಾಳೆ ಎಂದೇ ಅವನು ತಿಳಿದಿದ್ದ.

ಪಲ್ಲವಿ ದುಪಟ್ಟಾ ಸೊಂಟಕ್ಕೆ ಬಿಗಿದಳು, ಮಣ್ಣಿನಲ್ಲಿ ಅಂಗಾತ ಮಲಗಿ ಕಾರಿನ ಕೆಳಗೆ ತೂರಿದಳು. ಒಳಗಿನಿಂದ ದನಿ ಬಂತು: "ಫ್ಲೋರ್ ಪೂರಾ ಕೊಳತೈತಿ. ನಿಮಗ ವೆಲ್ಡಿಂಗ್ ಬರ್ತದಾ?"

"ಇಲ್ರಿ. ವೈರಿಂಗ್ ಬರ್ತದ."

ಆಮೇಲೆ ಮೂಗಿನ ತುದಿಗೆ ಗ್ರೀಸು ಹತ್ತಿಸಿಕೊಂಡ ಮುಖವೊಂದು ಹೊರಗೆ ಬಂತು. "ನನಗ ಅದೊಂದು ಬರಂಗಿಲ್ಲ ನೋಡ್ರಿ," ಎಂದಿತು ಆ ಮುಖ, ನಗಲೋ ಬೇಡವೋ ಎಂಬಂತೆ.

ಆ ಮೂಗಿನ ಗ್ರೀಸನ್ನು ನೋಡುತ್ತಾ ಮನೋಹರ್ ತನ್ನ ಬಾಗಿಲು ಬಿಟ್ಟುಬಿಟ್ಟ.

ಇದು ನಡೆದು ಇದೀಗ ನಾಲ್ಕನೇ ಚಳಿಗಾಲ.

ಪಲ್ಲವಿ ಸಂಡೂರಿನ ಗಣಿಯೊಂದರಲ್ಲಿ ಡಂಪರ್‌ಗಳ ಮೆಂಟೆನೆನ್ಸ್ ಇಂಜಿನಿಯರ್. ವಾರವೆಲ್ಲ ಕೆಂಪು ಧೂಳಿನಲ್ಲಿ ಮನೆಯಷ್ಟೆತ್ತರದ ಗಾಡಿಗಳನ್ನು ರಿಪೇರಿ ಮಾಡಿಸಿ, ಭಾನುವಾರ ಬಂತೆಂದರೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ತನ್ನ ಮನೆಯ ಹಿಂದಿನ ಶೆಡ್ಡಿಗೆ ಇಳಿಯುತ್ತಿದ್ದಳು. ಶೆಡ್ಡು ಅವಳ ಅಪ್ಪ ಸುಂಕಪ್ಪನದು. ಲಾರಿ ಮೆಕ್ಯಾನಿಕ್ ಆಗಿದ್ದ ಸುಂಕಪ್ಪ ಮಂಡಿನೋವು ಬಂದಮೇಲೆ ಕೆಲಸ ಬಿಟ್ಟಿದ್ದ.

ಮನೋಹರ್ ಕಂಪ್ಲಿಯ ರೈಸ್ ಮಿಲ್ ಮಾಲೀಕ ಮರುಳಸಿದ್ದಪ್ಪನವರ ಮಗ. ಮಿಲ್ಲಿನ ವ್ಯವಹಾರ ನೋಡಿಕೊಳ್ಳುತ್ತಿದ್ದ. ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ಕಮಲಾಪುರದ ಮೇಲೆ ಹಾದು ಬಂದರೆ, ವಾಪಸಾಗುವಾಗ ಅಂಗಿಗೆ ಪೇಂಟಿನ ವಾಸನೆ.

ಬೇಸಿಗೆಯಲ್ಲಿ ಆ ತಗಡಿನ ಶೆಡ್ಡು ಹೆಂಚಿನಂತೆ ಕಾಯುತ್ತದೆ. ಮಳೆಗಾಲದಲ್ಲಿ ಪೇಂಟು ನಿಲ್ಲುವುದಿಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಸಿಗುವ ತಂಪಿನಲ್ಲಿ ಒಂದು ಚಳಿಗಾಲಕ್ಕೆ ಒಂದು ಹಳೆ ಕಾರು. ಮುಗಿಸಿ, ಮಾರಿ, ಆ ದುಡ್ಡಿನಲ್ಲೇ ಮುಂದಿನದನ್ನು ತರುವುದು. ಅವಳ ವೆಲ್ಡಿಂಗು, ಅವನ ವೈರಿಂಗು.

ಅವನು ವೈರು ಎಳೆಯುವುದನ್ನು ನೋಡುವುದೆಂದರೆ ಪಲ್ಲವಿಗೆ ಪ್ರಾಣ. ಉದ್ದ ಬೆರಳು, ಅವಸರವೇ ಇಲ್ಲದ ಕೈ. ಒಂದೊಂದು ಎಳೆಯನ್ನೂ ಜಡೆ ಹೆಣೆಯುವವನಂತೆ ಬಿಡಿಸಿ ಕೂಡಿಸುವನು. ನೋಡುತ್ತಿದ್ದಾಳೆ ಎಂದು ಗೊತ್ತಾದರೆ ಸಾಕು, ತಲೆ ಎತ್ತದೆ, "ಏನ್ರಿ ಇಂಜಿನಿಯರ್ರ, ಕೆಲಸ ಇಲ್ಲೇನು?" ಎನ್ನುವನು.

"ನಿನ್ನ ಕೆಲಸ ಚೆಕ್ ಮಾಡಾಕತ್ತೀನಿ."

"ವೈರ್ ಕೆಳಗದಾವ. ನೀ ನನ್ನ ಮುಖ ನೋಡಾಕತ್ತೀದಿ."

ಅವಳ ಕೈಯಲ್ಲಿನ ಒರೆಸುವ ಬಟ್ಟೆ ಹಾರಿ ಅವನ ಮುಖಕ್ಕೆ ಬೀಳುತ್ತಿತ್ತು.

ಇಬ್ಬರೂ ಸೇರಿ ರಿಪೇರಿ ಮಾಡಿದ ಆ ಫಿಯೆಟ್ ಓಡಿದ ದಿನ ಹಂಪಿಗೆ ಹೋಗಿದ್ದರು. ಹೇಮಕೂಟದ ಬಂಡೆಯ ಮೇಲೆ ಕೂತಿದ್ದಾಗ ಮನೋಹರ್ ಎದುರಿನ ಗೋಪುರ ನೋಡುತ್ತಾ, "ಮನ್ಯಾಗ ಹೇಳ್ತೀನಿ," ಎಂದಿದ್ದ.

"ಏನಂತ?"

ಅವನ ಎರಡೂ ಕಿವಿ ಕೆಂಪಾಗಿದ್ದವು. ಅಷ್ಟೇ. ಅವರ ಪ್ರೇಮದಲ್ಲಿ ಅದಕ್ಕಿಂತ ದೊಡ್ಡ ಮಾತು ಯಾರೂ ಆಡಿರಲಿಲ್ಲ.

ಹೇಳುವುದು ಸುಲಭದ್ದಲ್ಲ ಎಂದು ಅವಳಿಗೂ ಗೊತ್ತಿತ್ತು. ಸುಂಕಪ್ಪನ ಪಡಸಾಲೆಯಲ್ಲಿ ಬುದ್ಧನ ಪಟ. ಮರುಳಸಿದ್ದಪ್ಪನವರ ಮನೆಯಲ್ಲಿ ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಯಾವ ಊರಲ್ಲಾದರೂ ಇವರ ಕೇರಿ ಬೇರೆ, ಅವರ ಓಣಿ ಬೇರೆ. ಮನೋಹರ್ ಮಾತ್ರ ಸುಂಕಪ್ಪನ ಎದುರು ನೆಲದ ಮೇಲೆ ಕೂತು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಕೇಳಿ ಕೇಳಿ ಉಣ್ಣುತ್ತಿದ್ದ. ಹಾಗೆ ಉಣ್ಣುತ್ತಾನೆಂದು ಕಂಪ್ಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮರುವರ್ಷ, "ಶಾಂಭವಿ ಮದುವಿ ಒಂದು ಮುಗೀಲಿ," ಎಂದ. ಶಾಂಭವಿ ಅವನ ತಂಗಿ. ಮದುವೆ ಮುಗಿಯಿತು. ಅದರ ಮರುವರ್ಷ, "ಮಿಲ್ಲಿಗೆ ಹೊಸ ಮಶೀನ್ ಬರ್ತದ, ಅಪ್ಪಾಜಿ ಟೆನ್ಶನ್ನಾಗ ಅದಾರ," ಎಂದ. ಮಶೀನೂ ಬಂತು.

ಈ ವರ್ಷ ದೀಪಾವಳಿ ಕಳೆದ ಭಾನುವಾರ ಶೆಡ್ಡಿನ ಮುಂದೆ ಎರಡು ಗಾಡಿ ನಿಂತಿದ್ದವು. ಒಂದು, ಗಾದಿಗನೂರಿನಿಂದ ಪಲ್ಲವಿ ತಂದ ಜೀಪು. ಗಣಿಯಲ್ಲಿ ದುಡಿದು ದುಡಿದು ಅದರ ಸಂದುಗೊಂದಿಯಲ್ಲೆಲ್ಲ ಕೆಂಪು ಮಣ್ಣು. ಇನ್ನೊಂದು, ಮನೋಹರ್ ಕಂಪ್ಲಿಯಲ್ಲಿ ಹಳೆಯ ಡಾಕ್ಟರೊಬ್ಬರ ಹಿತ್ತಲಿನಿಂದ ಎಳೆದು ತಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಶೆಡ್ಡಿನೊಳಗೆ ಒಂದನ್ನಷ್ಟೇ ಬಿಚ್ಚಿ ಹರವಲು ಜಾಗ.

"ಹೆರಾಲ್ಡ್," ಎಂದ ಮನೋಹರ್, ಯೋಚನೆಯನ್ನೇ ಮಾಡದೆ. ಅದರ ಬಾನೆಟ್ ಹಿಡಿದು ಎತ್ತಿದ. ಮೂತಿಯ ಸಮೇತ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಂಡಿತು. "ನೋಡಿಲ್ಲಿ, ಹೆಂಗ ಬಗ್ಗಿ ನಮಸ್ಕಾರ ಮಾಡ್ತದ!"

ಪಲ್ಲವಿಗೂ ನಗು ಬಂತು. ಅದು ಚೆಂದದ ಕಾರು. ಒಳಗೆ ಇಣುಕಿದಳು, ಬೆರಳಿನಿಂದ ಇಲ್ಲಿ ಅಲ್ಲಿ ತಟ್ಟಿದಳು. "ಪಾರ್ಟ್ಸ್ ಎಲ್ಲಿ ಸಿಗ್ತಾವ ಇದಕ್ಕ? ಅರ್ಧ ನಾವೇ ಮಾಡ್ಕಬೇಕು. ಒಂದು ಚಳಿಗಾಲಕ್ಕ ಮುಗಿಯಂಗಿಲ್ಲ ಇದು. ಎರಡು, ಮೂರು ಬೇಕು."

"ಆಗ್ಲಿ ಬಿಡು," ಎಂದ ಮನೋಹರ್. "ನಮಗೇನ್ ಅವಸರ?"

ಕಣ್ಣು ತುಂಬಾ ಪ್ರೀತಿ ಇಟ್ಟುಕೊಂಡೇ ಅವನು ಹಾಗೆಂದ. ಆ ಪ್ರೀತಿಯಲ್ಲಿ ಸುಳ್ಳಿರಲಿಲ್ಲ. ಪಲ್ಲವಿಯ ಎದೆಯಲ್ಲಿ ಮಾತ್ರ ಏನೋ ಸಣ್ಣಗೆ ಕಳಚಿ ಬಿತ್ತು. ಮುಗಿಯದ ಕಾರೊಂದು ಶೆಡ್ಡಿನಲ್ಲಿದ್ದರೆ ಅವನು ಹೀಗೇ ಬರುತ್ತಾನೆ, ವರ್ಷ ವರ್ಷ. ರೊಟ್ಟಿ ತಿನ್ನುತ್ತಾನೆ, ನಗಿಸುತ್ತಾನೆ, ಸಂಜೆ ಕಂಪ್ಲಿಗೆ ಹೋಗುತ್ತಾನೆ.

"ಒಂದು ವಾರ ಯೋಚನೆ ಮಾಡ್ತೀನಿ," ಎಂದಳು.

ಆ ವಾರದ ನಡುವೆ ಒಂದು ಸಂಜೆ ಸುಂಕಪ್ಪ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೇಳಿದ, "ಮನೋಹರ ಏನಂತಾನವ್ವ?"

"ಹೆರಾಲ್ಡ್ ಮಾಡೂಣು ಅಂತಾನಪ್ಪ."

"ನಾ ಗಾಡಿ ಸುದ್ದಿ ಕೇಳ್ಲಿಲ್ಲ."

ಸುಂಕಪ್ಪ ಎಣ್ಣೆ ಬಟ್ಟಲು ಬದಿಗಿಟ್ಟ. "ಹುಡುಗ ಭಾಳ ಒಳ್ಳೇವ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಒಳ್ಳೇವ ಅಂತ ಎಷ್ಟು ವರ್ಷ ಕಾಯ್ತಿ?"

ಮುಂದಿನ ಭಾನುವಾರ ಮನೋಹರ್ ಬರುವಷ್ಟರಲ್ಲಿ ಅವಳು ಜೀಪನ್ನು ಒಳಗೆ ತಳ್ಳಿಸಿ, ಅದರ ಎರಡೂ ಬಾಗಿಲು ಬಿಚ್ಚಿ ಗೋಡೆಗೆ ಒರಗಿಸಿಯಾಗಿತ್ತು.

"ಅಲ್ಲ, ಇದು ಶಿವರಾತ್ರಿ ಅನ್ನೋದ್ರಾಗ ಮುಗಿದು ಹೋಗ್ತದ," ಎಂದ ಮನೋಹರ್. ಬಾಗಿಲಲ್ಲೇ ನಿಂತಿದ್ದ.

"ಅದಕ್ಕ."

ಅವನು ಅವಳನ್ನು ನೋಡಿದ. ಅವಳು ಮುಖ ತಿರುಗಿಸಲಿಲ್ಲ.

"ಇದು ಮುಗಿಯೋದ್ರಾಗ ಮನ್ಯಾಗ ಹೇಳು, ಮನೋಹರ್. ಹೂಂ ಅಂತಾರೋ ಉಹೂಂ ಅಂತಾರೋ, ಆಮೇಲಿಂದು. ನೀ ಹೇಳ್ದಿ ಅಂತ ಗೊತ್ತಾಗಬೇಕು ನನಗ."

"ಹೇಳ್ತೀನಿ," ಎಂದ. ಈ ಸಲ ಕಿವಿ ಕೆಂಪಾಗಲಿಲ್ಲ. ಸ್ಪ್ಯಾನರ್ ಎತ್ತಿಕೊಂಡು ಸೀದಾ ಕೆಲಸಕ್ಕೆ ಕೂತ.

ಆ ಚಳಿಗಾಲದಷ್ಟು ಚೆಂದದ ದಿನಗಳು ಅವರಿಗೆ ಎಂದೂ ಬಂದಿರಲಿಲ್ಲ. ಒಂದೇ ಕಪ್ಪಿನಲ್ಲಿ ಚಹಾ ಕುಡಿದರು. ಜೀಪಿನ ಕೆಳಗೆ ಅಕ್ಕಪಕ್ಕ ಮಲಗಿ, ಒಂದು ನಟ್ಟು ಬಿಚ್ಚುವ ನೆಪದಲ್ಲಿ ಇಡೀ ಮುಂಜಾನೆ ಕಳೆದರು. ಅವಳ ಕೆನ್ನೆಗೆ ಮಸಿ ಹತ್ತಿದರೆ ಅವನು ಮುಟ್ಟದೆ, ತನ್ನ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸುವನು. ಅವಳು ಬೇಕೆಂದೇ ಇನ್ನೊಂದು ಕೆನ್ನೆ ಒರೆಸಿಕೊಳ್ಳುವಳು.

"ಅಲ್ಲಲ್ಲ. ಈ ಕಡಿ."

"ಯಾವ ಕಡಿ? ನೀನೇ ಒರಸು."

ಒಂದೇ ಒಂದು ಸಲ ಅವನು ಒರೆಸಿದ, ವೈರಿನ ಎಳೆ ಬಿಡಿಸುವಷ್ಟೇ ನಿಧಾನವಾಗಿ.

ಮುಗಿಯಬಾರದು ಎಂದು ಅವಳಿಗೂ ಅನ್ನಿಸುತ್ತಿತ್ತು. ಆದರೂ ಕೈ ನಿಧಾನ ಮಾಡಲಿಲ್ಲ. ಸಂಕ್ರಾಂತಿಗೆ ಇಂಜಿನ್ ಕೂತಿತು. ಆಮೇಲೆ ಕಡು ಹಸಿರು ಬಣ್ಣ. ಶಿವರಾತ್ರಿಯ ಹಿಂದಿನ ಭಾನುವಾರ ಜೀಪು ಕೀಲಿ ತಿರುಗಿಸಿದ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಇಬ್ಬರೂ ಚಪ್ಪಾಳೆ ತಟ್ಟಲಿಲ್ಲ.

"ಸಂಡೂರ್ ಘಾಟ್ ಹತ್ತಿಸೋಣು," ಎಂದಳು ಪಲ್ಲವಿ. "ಅಲ್ಲಿ ಹತ್ತಿದ್ರ ಎಲ್ಲಾ ಕಡಿ ಹತ್ತತದ."

ಅವಳೇ ಓಡಿಸಿದಳು. ಅದಿರು ಲಾರಿಗಳ ಹಿಂದೆ, ತಿರುವಿನ ಮೇಲೆ ತಿರುವು. ಬೆಟ್ಟದ ನೆತ್ತಿಯಲ್ಲಿ ರಸ್ತೆ ಅಗಲವಾದ ಕಡೆ ಗಾಡಿ ನಿಲ್ಲಿಸಿದಳು. ಕೆಳಗೆ ಕಾಡು ಎಲೆ ಉದುರಿಸಿಕೊಂಡು ನಿಂತಿತ್ತು. ಇಂಜಿನ್ ಆಫ್ ಮಾಡಿದೊಡನೆ ಗಾಳಿಯ ಸದ್ದು ಕೇಳಿಸಿತು.

"ಹೇಳ್ದೆ," ಎಂದ ಮನೋಹರ್.

ಅವಳು ಸ್ಟೇರಿಂಗ್ ಹಿಡಿದೇ ಕೂತಳು. "ಯಾವಾಗ?"

"ಹೋದ ಸೋಮವಾರ. ಊಟಕ್ಕ ಕೂತಾಗ. ಎಲ್ಲಾ ಹೇಳ್ದೆ. ನಿನ್ನ ಹೆಸರು, ನಿಮ್ಮಪ್ಪನ ಹೆಸರು, ಚಿತ್ತವಾಡ್ಗಿ, ಎಲ್ಲಾ."

"ಹ್ಞೂ."

"ಅಪ್ಪಾಜಿ ಸಿಟ್ಟಾಗ್ಲಿಲ್ಲ. ಅವ್ವ ಅಳಲಿಲ್ಲ. ಅದೇ ದೊಡ್ಡ ಸಂಕಟ ಆತು ನನಗ. ಅಪ್ಪಾಜಿ ಅಂದ್ರು, 'ಆ ಹುಡುಗಿ ಭಾಳ ಶಾಣ್ಯಾಕಿ ಅಂತ ಕೇಳೀನಿ. ಮಿಲ್ಲಿಗೆ ಇಂಜಿನಿಯರ್ ಅಂತ ಬರ್ಲಿ, ಬೇಕಾದಷ್ಟು ಸಂಬಳ ಕೊಡೋಣು. ಅಡಿಗಿ ಮನಿಗೆ ಬ್ಯಾಡ.' ಅಂದು ಅನ್ನಕ್ಕ ಕೈ ಹಾಕಿದ್ರು."

ಕೆಳಗಿನ ತಿರುವಿನಲ್ಲಿ ಲಾರಿಯೊಂದು ಏದುಸಿರು ಬಿಡುತ್ತಾ ಹತ್ತುತ್ತಿತ್ತು. ಅದು ಹತ್ತಿರ ಬಂದು, ದಾಟಿ, ಮರೆಯಾಗುವವರೆಗೂ ಪಲ್ಲವಿ ಕಾದಳು.

"ನೀನೇನಂದಿ?"

ಅವನು ತನ್ನ ಅಂಗೈ ನೋಡಿಕೊಂಡ.

"ಅವ್ವಗ, ಮಜ್ಜಿಗಿ ಹಾಕು ಅಂದೆ."

ಅವಳು ತಿರುಗಿ ನೋಡಿದಳು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ. "ಬಾಯಿಗೆ ಬಂದಿತ್ತು ಪಲ್ಲವಿ, ಎಲ್ಲಾ ಬಾಯಿಗೆ ಬಂದಿತ್ತು. ಅವರು ಉಣ್ಣಾಕತ್ತಿದ್ರು. ನಾನೂ ಉಂಡೆ. ಎದ್ದು ಕೈ ತೊಳ್ಕಂಡೆ. ಮರುದಿನ ಮಿಲ್ಲಿಗೆ ಹೋದೆ." ಉಸಿರು ಎಳೆದುಕೊಂಡ. "ನಿನ್ನ ಮ್ಯಾಲೆ ಎಷ್ಟು ಜೀವ ಐತಿ ಅಂದ್ರ... ನೀನಿಲ್ದ ನಾ ಏನೂ ಅಲ್ಲ."

ನಾಲ್ಕು ಚಳಿಗಾಲ ಈ ಮಾತಿಗಾಗಿ ಅವಳು ಕಿವಿ ತೆರೆದು ಕಾದಿದ್ದಳು. ಈಗ ಅದು ಬಂತು, ಬಂದು ಎದೆಯಲ್ಲಿ ಕೂತಿತು, ಎಲ್ಲೂ ಹೋಗಲು ದಾರಿಯಿಲ್ಲದ ಹಾಗೆ.

"ಗೊತ್ತೈತಿ," ಎಂದಳು ಮೆಲ್ಲಗೆ. "ನನಗ ಗೊತ್ತಿತ್ತು ಅದು. ಅವರಿಗೆ ಗೊತ್ತಿರಲಿಲ್ಲ. ಅವರ ಮುಂದ ಹೇಳಬೇಕಿತ್ತು."

"ಇನ್ನೊಮ್ಮೆ ಹೇಳ್ತೀನಿ. ಮುಂದಿನ..."

"ಬ್ಯಾಡ. ಮುಂದಿನ ಅನಬ್ಯಾಡ."

ಅವಳು ಕೈ ಚಾಚಿ ಅವನ ಕೈ ಹಿಡಿದಳು. ಆ ಉದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತನ್ನವುಗಳ ನಡುವೆ ಇಟ್ಟುಕೊಂಡಳು. ಸಿಟ್ಟು ಬರಬಹುದೆಂದು ಕಾದಳು. ಬರಲಿಲ್ಲ. ಅವನು ಇದ್ದದ್ದೇ ಇಷ್ಟು, ಇಷ್ಟನ್ನೂ ಅವನು ಪೂರಾ ಕೊಟ್ಟಿದ್ದ. ಬಿಸಿಲು ಬಾನೆಟ್ಟಿನ ಮೇಲಿಂದ ಜಾರುವವರೆಗೂ ಹಾಗೇ ಕೂತಿದ್ದರು.

ಘಾಟ್ ಇಳಿದರು. ಹೊಸಪೇಟೆಗೆ ಬಂದಾಗ ಅವಳು ಜೀಪು ನಿಲ್ಲಿಸಲಿಲ್ಲ, ಕಮಲಾಪುರದವರೆಗೆ ಬಿಟ್ಟಳು. ಕಂಪ್ಲಿ ಬಸ್ಸು ನಿಲ್ಲುವ ಮರದ ಕೆಳಗೆ ಅವನು ಇಳಿದ.

"ನಿಮ್ಮನಿ ಹತ್ರ ಬೈಕ್ ಐತಿ ನಂದು," ಎಂದ, ಆಗ ನೆನಪಾದವನಂತೆ.

"ಗಾದಿಲಿಂಗಣ್ಣನ ಕೈಲಿ ಕಳಸ್ತೀನಿ." ಗಾದಿಲಿಂಗ ಪಕ್ಕದ ಮನೆಯ ಆಟೋದವ.

ಅವನಿಗೆ ಅರ್ಥವಾಯಿತು. ಜೀಪಿನ ಬದಿ ಹಿಡಿದು ನಿಂತೇ ಇದ್ದ. "ಹೆರಾಲ್ಡು?"

"ನಾನೇ ಮಾಡ್ತೀನಿ, ನಿಧಾನಕ. ವೈರಿಂಗ್ ಕಲೀತೀನಿ."

"ಆದಮ್ಯಾಲೆ ನೋಡಾಕ ಬರ್ಲಾ?"

ಪಲ್ಲವಿ ಅವನ ಮುಖವನ್ನು ಕಣ್ಣು ತುಂಬ ನೋಡಿದಳು. ಹಣೆ, ಮೂಗು, ಎಂದೂ ಸರಿಯಾಗಿ ಕ್ಷೌರವಾಗದ ಗದ್ದ. "ಬ್ಯಾಡ, ಮನೋಹರ್," ಎಂದಳು. "ನೀ ಬಂದ್ರ ನಾ ಬಾಗಿಲು ತೆಗಿತೀನಿ. ಅದಕ್ಕ ಬ್ಯಾಡ."

ಬಸ್ಸು ಬಂತು. ಅವನು ಹತ್ತಿದ. ಕಿಟಕಿಗೆ ಬರಲಿಲ್ಲ.

ಚಿತ್ತವಾಡ್ಗಿಯ ಮನೆ ಮುಂದೆ ಸುಂಕಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ. ಜೀಪಿನ ಪಕ್ಕದ ಸೀಟು ನೋಡಿದ.

"ಮನೋಹರ ಉಣಲಾರದ ಹೋದ್ನಾ?"

"ಹ್ಞೂ ಅಪ್ಪ."

ಸುಂಕಪ್ಪ ಮಂಡಿ ಹಿಡಿದು ಕಷ್ಟಪಟ್ಟು ಎದ್ದ. "ಕೈ ತೊಳ್ಕ ಬಾ. ನಾನೂ ಉಂಡಿಲ್ಲ," ಎಂದು ಒಳಗೆ ಹೋದ.

ಪಲ್ಲವಿ ಹಿತ್ತಲ ನಲ್ಲಿ ತಿರುಗಿಸಿದಳು. ಇವತ್ತು ಅವಳ ಕೈಗೆ ಗ್ರೀಸು ಹತ್ತಿರಲಿಲ್ಲ, ಮಸಿ ಹತ್ತಿರಲಿಲ್ಲ. ಆದರೂ ಸೋಪು ಹಚ್ಚಿ, ಉಗುರಿನ ಸಂದಿಯವರೆಗೂ ತಿಕ್ಕಿ ತಿಕ್ಕಿ, ಒಳಗಿನಿಂದ ಅಪ್ಪ ಎರಡನೇ ಸಲ ಕರೆಯುವವರೆಗೂ ತೊಳೆಯುತ್ತಲೇ ಇದ್ದಳು.