ಪಿಸ್ತಾದವರಿಗೆ ಕೇಳದ ಪ್ರಶ್ನೆ

"ಅಕ್ಕಾ, ಇನ್ಮೇಲೆ ನೀನು ರೆಸ್ಟ್ ತಗೋ. ಪಿಸ್ತಾದವರಿಗೆಲ್ಲ ದೀಪ್ತಿ ಬರೀತಾಳೆ" ಎಂದು ತಮ್ಮ ಮಧುಸೂದನ ಹೇಳಿದ ದಿನ ಚೂಡಾಮಣಿ ಎಂದಿನಂತೆ ಅವನಿಗೆ ಕಾಫಿ ಕೊಟ್ಟಳು, ಚಕ್ಕುಲಿ ಕೊಟ್ಟಳು, ಗೇಟಿನವರೆಗೆ ಹೋಗಿ ಕಳಿಸಿ ಬಂದಳು. ಆಮೇಲೆ ಒಳಗೆ ಬಂದು ಮಂಚದ ಮೇಲೆ ಕೂತು ಅತ್ತಳು. ಅಮ್ಮ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಆಗ ಅಳುವುದಕ್ಕೆ ಪುರಸೊತ್ತಿರಲಿಲ್ಲ, ತೊಟ್ಟಿಲಲ್ಲಿ ಮಧು ಇದ್ದ.

ತುರ್ಕಿಯಿಂದ ಪಿಸ್ತಾ ತರಿಸಿ ಬೆಂಗಳೂರಿನ ಸ್ವೀಟ್ ಅಂಗಡಿಗಳಿಗೆ ಸಗಟಾಗಿ ಮಾರುವ ಯೋಚನೆ ತಮ್ಮನದು. ಆ ಯೋಚನೆಗೆ ಬಾಯಿ ಕೊಟ್ಟವಳು ಅಕ್ಕ. ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು, ಎಂದೂ ಕಾಣದ ಆಂಟೆಪ್ ಎಂಬ ಊರಿನ ವ್ಯಾಪಾರಿಗಳಿಗೆ ಇಮೇಲ್ ಬರೆಯುತ್ತಿದ್ದಳು. ಮೊದಲ ಸಾಲಿನಲ್ಲೇ ರೇಟು ಕೇಳಿದವನಿಗೆ ಯಾರೂ ಒಳ್ಳೆ ಮಾಲು ಕೊಡುವುದಿಲ್ಲ ಎಂಬುದು ಅವಳಿಗೆ ಬಹಳ ಬೇಗ ತಿಳಿಯಿತು. ನಾವು ಯಾರು, ಯಾರಿಗೆ ಮಾರುತ್ತೇವೆ, ವರ್ಷಕ್ಕೆ ಎಷ್ಟು ಬೇಕಾದೀತು ಎಂದು ಮೊದಲು ಹೇಳಿಕೊಳ್ಳಬೇಕು. ಆಮೇಲೆ ಕೇಳಬೇಕು. ಯಾವ ವರ್ಷದ ಬೆಳೆ? ಎಳೆಯದಾಗಿ ಕಿತ್ತ ಹಸಿರು ಕಾಯಿಯೋ ಬಲಿತದ್ದೋ? ಬೂಷ್ಟು ಹಿಡಿದಿಲ್ಲ ಎನ್ನುವುದಕ್ಕೆ ಲ್ಯಾಬಿನ ವರದಿ ಇದೆಯೋ? ಸ್ಯಾಂಪಲ್ ಬರುವುದು ನಮಗೆ ಕಳಿಸುವ ಲಾಟಿನಿಂದಲೇ ತಾನೆ? ಎಲ್ಲ ಮುಗಿದ ಮೇಲೆ, ಮದುವೆ ಮಾತುಕತೆಯಲ್ಲಿ ಹುಡುಗ ಕುಡಿಯುತ್ತಾನೋ ಎಂದು ವಿಚಾರಿಸುವ ಹಾಗೆ, ಮೆಲ್ಲಗೆ ಇನ್ನೊಂದು. ರುಬ್ಬಿ ಕಳಿಸುವ ಪೇಸ್ಟಿನಲ್ಲಿ ಪಿಸ್ತಾ ಬಿಟ್ಟು ಬೇರೇನಾದರೂ ಬೆರೆತಿದೆಯೇ? ಕಡಲೆಕಾಯಿ ರುಬ್ಬಿ ಹಸಿರು ಬಣ್ಣ ಹಾಕುವ ಖದೀಮರು ಯಾವ ದೇಶದಲ್ಲಿಲ್ಲ?

ಸ್ಯಾಂಪಲ್ ಬಂದರೆ ರುಚಿ ನೋಡುವವಳೂ ಅವಳೇ. ಅಕ್ಕ ಹೂಂ ಅಂದರೆ ಮುಗಿಯಿತು ಎಂದು ಮಧು ಎಲ್ಲರೆದುರು ಹೇಳುತ್ತಿದ್ದ. ಎರಡು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ಅವಳ ಮೂಗನ್ನೂ ಹೊತ್ತುಕೊಂಡು ಹೋಗಿತ್ತು. ಅಂದಿನಿಂದ ಮಲ್ಲಿಗೆಯೂ ಒಂದೇ, ಒಗ್ಗರಣೆಯೂ ಒಂದೇ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಬಣ್ಣ ನೋಡಿ, ಬೆರಳಲ್ಲಿ ಉಜ್ಜಿ, ನಾಲಿಗೆಗೆ ದಕ್ಕಿದಷ್ಟರಲ್ಲೇ ನಿಭಾಯಿಸಿದಳು. ಯಾರಿಗೂ ಅನುಮಾನ ಬಂದಿಲ್ಲ ಎಂದೇ ನಂಬಿದ್ದಳು.

ಹಾಗಾಗಿ ತಮ್ಮ ಈಗ ತನ್ನನ್ನು ಪಕ್ಕಕ್ಕಿಟ್ಟಿದ್ದಕ್ಕೆ ಅವಳಿಗೆ ಕಂಡ ಕಾರಣ ಒಂದೇ, ತಮ್ಮನ ಹೆಂಡತಿ ದೀಪ್ತಿ. ಮದುವೆಯಾಗಿ ಇಷ್ಟು ವರ್ಷ ಸುಮ್ಮನಿದ್ದವಳು ಈಗ ಕಿವಿ ಊದಿದ್ದಾಳೆ. ತಾನು ಮದುವೆಯೇ ಬೇಡವೆಂದು ಸಾಕಿದ ಹುಡುಗನನ್ನು ಒಂದು ಮಾತಿನಲ್ಲಿ ಕಿತ್ತುಕೊಂಡಿದ್ದಾಳೆ. ಚೂಡಾಮಣಿಗೆ ತಮ್ಮನ ಮೇಲೆ ಸಿಟ್ಟಿರಲಿಲ್ಲ. ಅವನು ವಾಪಸ್ ಬರಬೇಕು, ಅಷ್ಟೇ. ವಾಪಸ್ ಬರಬೇಕಾದರೆ ದೀಪ್ತಿ ಒಮ್ಮೆ ಎಲ್ಲರೆದುರು ಎಡವಬೇಕು.

ಆ ಅವಕಾಶವನ್ನು ದೀಪ್ತಿಯೇ ತಂದು ಕೈಗಿಟ್ಟಳು. ಹೊಸ ಸಪ್ಲೈಯರಿಗೆ ಕಳಿಸಬೇಕಾದ ವಿಚಾರಣೆಯನ್ನು ಫೋನಿನಲ್ಲಿ ಬರೆದುಕೊಂಡು ಬಂದು, "ಅತ್ತಿಗೆ, ಸ್ವಲ್ಪ ನೋಡಿಕೊಡಿ. ಇವ್ರಿಗೆ ಹೇಳ್ಬೇಡಿ, ನಿಮ್ಗೆ ತೊಂದ್ರೆ ಕೊಡ್ಬೇಡ ಅಂದಿದಾರೆ" ಎಂದಳು. ಪರವಾಗಿಲ್ಲ, ಚೆನ್ನಾಗಿಯೇ ಬರೆದಿದ್ದಳು. ಬೆರಕೆಯ ಆ ಕೊನೆಯ ಪ್ರಶ್ನೆಯೂ ಇತ್ತು. ದೀಪ್ತಿ ಕಾಫಿ ಬೆರೆಸಲು ಒಳಗೆ ಹೋದಾಗ ಚೂಡಾಮಣಿ ಹೆಬ್ಬೆರಳಿನಿಂದ ಆ ಒಂದು ಸಾಲನ್ನು ಒರೆಸಿ ಹಾಕಿದಳು. ಬಂದವಳ ಕೈಗೆ ಫೋನು ಕೊಟ್ಟು, "ಏನೂ ತಪ್ಪಿಲ್ಲ, ಕಳಿಸಮ್ಮ" ಎಂದಳು. ದೀಪ್ತಿ ಇನ್ನೊಮ್ಮೆ ನೋಡದೆ ಕಳಿಸಿದಳು. ಟೀಚರು ತಿದ್ದಿದ ಮೇಲೆ ಮತ್ತೆ ನೋಡುವುದೇನು?

ಮಿಕ್ಕದ್ದಕ್ಕೆ ಅವಸರವಿರಲಿಲ್ಲ. ಮಧು ಬಸವನಗುಡಿಯಲ್ಲಿ ಹೊಸ ಅಂಗಡಿ ತೆರೆಯುವ ದಿನ ನಗರ್ತಪೇಟೆಯ ಮಲ್ಲಿಕಾರ್ಜುನಯ್ಯನವರು ಬರುವುದೆಂದು ನಿಶ್ಚಯವಾಗಿತ್ತು. ಊರಿನ ಅರ್ಧ ಸ್ವೀಟ್ ಅಂಗಡಿಗಳಿಗೆ ದ್ರಾಕ್ಷಿ ಗೋಡಂಬಿ ಹೋಗುವುದು ಅವರ ಕೈಯಿಂದ. ಪೂಜೆಯಾದ ಮೇಲೆ ಅವರು ಪೇಸ್ಟಿನ ರುಚಿ ನೋಡಿ ಒಪ್ಪಿದರೆ ಅಂಗಡಿ ನಿಂತ ಹಾಗೆ, ಇಲ್ಲದಿದ್ದರೆ ತೆರೆದ ದಿನವೇ ಮುಚ್ಚಿದ ಹಾಗೆ. ಹೊಸ ಸಪ್ಲೈಯರಿನಿಂದ ಬಂದ ಪೇಸ್ಟಿನಲ್ಲಿ ಅವರಿಗೆಂದೇ ಒಂದು ಡಬ್ಬಿಯನ್ನು ಟೇಪು ಸುತ್ತಿ ಬೇರೆ ಇಟ್ಟಿದ್ದರು. ಅಂಗಡಿ ನಿಲ್ಲದೆ ಹೋದರೆ ಮಧು ಏನಾಗುತ್ತಾನೆ ಎಂದು ಚೂಡಾಮಣಿ ಯೋಚಿಸದೇ ಇರಲಿಲ್ಲ. ಒಂದು ವಾರ ಕುಗ್ಗುತ್ತಾನೆ. ಆಮೇಲೆ ತಾನೇ ಆಂಟೆಪ್‌ಗೆ ಬರೆದು, ತಾನೇ ನಗರ್ತಪೇಟೆಗೆ ಹೋಗಿ ಕೈಮುಗಿದು, ಎಲ್ಲ ಸರಿಮಾಡುತ್ತಾಳೆ. ಚಿಕ್ಕವನಿದ್ದಾಗ ಅವನು ಬಿದ್ದರೆ ಎತ್ತುತ್ತಿದ್ದವಳು ಯಾರು?

ಅಂಗಡಿ ತೆರೆಯುವ ಹಿಂದಿನ ದಿನ ಬೆಳಗ್ಗೆ ಸ್ನಾನ ಮಾಡಿ, ಅಮ್ಮನ ಹಸಿರಂಚಿನ ಸೀರೆಯನ್ನು ನೀರಿಗೆ ಹಾಕಿ ಹಿಂಡಿ, ಕೋಲಿನಿಂದ ಎತ್ತಿ ಅಡುಗೆಮನೆಯ ಸೂರಿಗೆ ಕಟ್ಟಿದ ಬಿದಿರು ಗಳದ ಮೇಲೆ ಹರವಿದಳು. ಮಾರನೆಯ ದಿನ ಮನೆಗೆ ಹಿರಿಯಳಾಗಿ ದೀಪ ಹಚ್ಚುವವಳು ಅವಳೇ, ಮಡಿಯಲ್ಲೇ ಹಚ್ಚಬೇಕು. ಆಮೇಲೆ ಒಲೆ ಹೊತ್ತಿಸಿದಳು. ಕಡಲೆಕಾಯಿ ಬೀಜವನ್ನು ಹದವಾಗಿ ಹುರಿದು, ಸಿಪ್ಪೆ ತಿಕ್ಕಿ, ಎಣ್ಣೆ ಬಿಡುವವರೆಗೆ ಮಿಕ್ಸಿಯಲ್ಲಿ ತಿರುವಿದಳು. ಮೊದಲ ಸಲದ್ದು ತರಿತರಿಯಾಯಿತು. ಇನ್ನೊಮ್ಮೆ ಹುರಿದಳು. ಮನೆಯಲ್ಲಿದ್ದ ಪಿಸ್ತಾ ಪೇಸ್ಟಿಗೆ ಸಮಸಮ ಬೆರೆಸಿ, ಚಿಟಿಕೆ ಹಸಿರು ಬಣ್ಣ ಹಾಕಿ ಕಲಸಿದಾಗ ಕಣ್ಣಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಬಾಗಿಲಲ್ಲಿ ಹೂವಿನ ಮುನಿಯಕ್ಕ ನಿಂತಿದ್ದಳು. "ಏನ್ ಚೂಡಮ್ಮಾ, ಕಡ್ಲೆಕಾಯ್ ಪರಿಷೆ ಇನ್ನೂ ದೂರ ಐತೆ, ನಿಮ್ಮನೇಲಿ ಆಗ್ಲೇ ಘಮ್ಮಂತೈತಲ್ಲ!"

"ಚಟ್ನಿಪುಡಿ ಕಣೇ" ಎಂದು ಹೂವು ಕೊಂಡು ಕಳಿಸಿದಳು. ಆ ಮಾತಿನಿಂದ ಒಳ್ಳೆಯದೇ ಆಯಿತು, ಎಚ್ಚರವಾಯಿತು. ಬಾಣಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಮಿಕ್ಸಿ ಜಾರನ್ನು ಸೋಪಿನಲ್ಲಿ ತೊಳೆದು ಬಿಸಿಲಿಗಿಟ್ಟಳು. ಕೈಗೆ ನಿಂಬೆಹೋಳು ಉಜ್ಜಿಕೊಂಡಳು. ಉಟ್ಟಿದ್ದ ಸೀರೆ ಬಿಚ್ಚಿ ಬಕೆಟ್ಟಿನಲ್ಲಿ ನೆನೆಹಾಕಿ, ತಲೆಗೂ ಸ್ನಾನ ಮಾಡಿದಳು. ಮೂವತ್ತು ವರ್ಷ ಕಾಪಿ ಹೊಡೆಯುವ ಮಕ್ಕಳನ್ನು ಹಿಡಿದವಳಿಗೆ ಎಲ್ಲಿ ಸಿಕ್ಕಿಬೀಳುತ್ತಾರೆಂದು ಗೊತ್ತಿರುವುದಿಲ್ಲವೇ?

ಮಧ್ಯಾಹ್ನ ಗಂಡ ಹೆಂಡತಿ ಹಣ್ಣು ತಾಂಬೂಲ ಹಿಡಿದು ಮಲ್ಲಿಕಾರ್ಜುನಯ್ಯನವರನ್ನು ಕರೆಯಲು ಹೋಗಿದ್ದರು. ಅಂಗಡಿಯ ಒಂದು ಕೀ ಅವಳ ಹತ್ತಿರವೇ ಇತ್ತು. ಆಟೋದಲ್ಲಿ ಹೋಗಿ, ಡಬ್ಬಿಯ ಟೇಪು ಬಿಡಿಸಿ, ಇದ್ದದ್ದನ್ನು ತೆಗೆದು ತನ್ನದನ್ನು ತುಂಬಿ, ಅಂಥದೇ ಟೇಪು ಸುತ್ತಿದಳು. ಹೊರಡುವಾಗ ಗಲ್ಲಾದ ಪಕ್ಕ ಹೊಸ ಬೆತ್ತದ ಕುರ್ಚಿಯೊಂದು ಕಂಡಿತು. ಎತ್ತರದ ಬೆನ್ನು, ಮೆತ್ತನೆ ದಿಂಬು. ದೀಪ್ತಿರಾಣಿಗೆ ಸಿಂಹಾಸನ ಬೇರೆ ಕೇಡು ಎಂದುಕೊಂಡಳು. ಇದ್ದ ಅಳುಕೂ ಹೋಯಿತು.

ಮರುದಿನ ಎಲ್ಲವೂ ಅವಳು ಅಂದುಕೊಂಡ ಹಾಗೇ ನಡೆಯಿತು. ಅಂಗಡಿಯ ತುಂಬ ಜನ, ಊದುಬತ್ತಿ, ಕರ್ಪೂರದ ಹೊಗೆ. ಅಮ್ಮನ ಸೀರೆಯುಟ್ಟು ಅವಳು ದೀಪ ಹಚ್ಚಿದಳು. ಒಂದೇ ಒಂದು ವಿಷಯದಲ್ಲಿ ಲೆಕ್ಕ ತಪ್ಪಿತು. ಮಧು ಅವಳ ಕೈಹಿಡಿದು ಕರೆದುಕೊಂಡು ಹೋಗಿ ಆ ಬೆತ್ತದ ಕುರ್ಚಿಯಲ್ಲಿ ಕೂರಿಸಿ, "ಇದು ನಿನ್ನ ಜಾಗ ಅಕ್ಕಾ. ದಿನಾ ಬಂದು ಕೂತ್ಕೋ, ಸಾಕು" ಎಂದ. ಅವಳಿಗೆ ಎದ್ದು ಹೋಗಿ ಡಬ್ಬಿಯನ್ನು ಚೆಲ್ಲಿಬಿಡೋಣವೆನಿಸಿತು. ಅಷ್ಟರಲ್ಲಿ ಮಲ್ಲಿಕಾರ್ಜುನಯ್ಯ ಟೇಪು ಬಿಡಿಸಿ, ಅಂಗೈಗೆ ಒಂದು ಚಮಚ ಹಾಕಿಕೊಂಡು, ಬೆರಳಿನಿಂದ ಉಜ್ಜಿ ನಾಲಿಗೆಗೆ ಇಟ್ಟುಕೊಂಡಿದ್ದರು.

"ಮಧುಸೂದನ್, ಇದ್ರಲ್ಲಿ ಕಡಲೆಕಾಯಿ ಇದೆಯಲ್ಲಪ್ಪ" ಎಂದರು ಅವರು. ಗಟ್ಟಿಯಾಗಿ ಹೇಳಲಿಲ್ಲ. ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ತಾಂಬೂಲ ಕೂಡ ತೆಗೆದುಕೊಳ್ಳದೆ ಮೆಟ್ಟಿಲಿಳಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು.

ದೀಪ್ತಿ ಫೋನಿನಲ್ಲಿ ತಾನು ಬರೆದದ್ದನ್ನು ಹುಡುಕುತ್ತಿದ್ದಳು. "ಕೇಳಿದ್ದೆ ರೀ, ಬೇರೇನಾದ್ರೂ ಬೆರೆಸ್ತೀರಾ ಅಂತ ಕೇಳಿದ್ದೆ... ಇಲ್ಲಿಲ್ವಲ್ಲ" ಎನ್ನುತ್ತ ಗೋಡೆಗೆ ತಿರುಗಿ ಬಿಕ್ಕಿದಳು. ಮಧು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಸೀದಾ ಬಂದು ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತು, ಫೇಲಾದ ದಿನ ಮಾಡುತ್ತಿದ್ದ ಹಾಗೆ ಅವಳ ಮಡಿಲಲ್ಲಿ ಮುಖ ಹುದುಗಿಸಿದ. ಬಂದ, ನನ್ನ ಮಗು ನನ್ನ ಹತ್ತಿರವೇ ಬಂದ. ಚೂಡಾಮಣಿ ಅವನ ನರೆತ ತಲೆ ಸವರಿದಳು. ನಾಚಿಕೆಯಿಂದಲೂ ಸಂತೋಷದಿಂದಲೂ ಅವಳ ಕಣ್ಣು ತುಂಬಿತು. "ಹೋಗ್ಲಿ ಬಿಡೋ. ನಾನಿದೀನಲ್ಲ, ಎಲ್ಲ ನೋಡ್ಕೋತೀನಿ."

ಅಳುತ್ತಿದ್ದವನ ಬೆನ್ನು ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಮಡಿಲಿನ ಸೀರೆಯನ್ನು ಇನ್ನೊಮ್ಮೆ ಮೂಸಿ, ಮೆಲ್ಲಗೆ ಮುಖ ಎತ್ತಿದ.

"ಅಕ್ಕಾ, ಈ ಸೀರೆ ಎಲ್ಲಿ ಒಣಗಿಸಿದ್ದೆ?"

"ಇನ್ನೆಲ್ಲಿ, ಮಡೀಲಿ. ಅಡುಗೆಮನೆ ಗಳದ ಮೇಲೆ" ಎಂದಳು ಅವಳು, ಸ್ವಲ್ಪ ಹೆಮ್ಮೆಯಿಂದಲೇ.

ಮಧು ದೀಪ್ತಿಯ ಕಡೆ ನೋಡಿ ದನಿ ತಗ್ಗಿಸಿದ. "ಹೋದ್ವರ್ಷ ಕಮಟು ಹಿಡಿದ ಪಿಸ್ತಾನ ಘಮಘಮ ಅಂತಿದೆ ಅಂದ್ಯಲ್ಲ, ಆವತ್ತೇ ಗೊತ್ತಾಯ್ತು ನಂಗೆ, ನಿಂಗೆ ವಾಸನೆ ಬರ್ತಿಲ್ಲ ಅಂತ. ಬೇರೆಯವ್ರ ಮುಂದೆ ನಿಂಗೆ ಅವಮಾನ ಆಗ್ಬಾರ್ದು ಅಂತ ರೆಸ್ಟ್ ತಗೋ ಅಂದೆ. ದೀಪ್ತಿಗೂ ಹೇಳಿಲ್ಲ ಕಣೇ ಅಕ್ಕಾ."

ಚೂಡಾಮಣಿ ಸೆರಗನ್ನು ಮೂಗಿಗೆ ಒತ್ತಿ ಉಸಿರೆಳೆದುಕೊಂಡಳು. ಏನೂ ಬರಲಿಲ್ಲ. ಬಾಣಲೆ ತಿಕ್ಕಿದ್ದಳು, ಜಾರು ತೊಳೆದಿದ್ದಳು, ಕೈ ಉಜ್ಜಿದ್ದಳು, ಉಟ್ಟ ಸೀರೆಯನ್ನೂ ನೆನೆಹಾಕಿದ್ದಳು. ಒಲೆಯ ನೇರ ಮೇಲೆ, ಹುರಿದ ಕಡಲೆಕಾಯಿಯ ಹೊಗೆಯಲ್ಲಿ ದಿನವಿಡೀ ಒಣಗುತ್ತಿದ್ದ ಅಮ್ಮನ ಸೀರೆಯನ್ನು ಮಾತ್ರ, ಮೈಲಿಗೆಯಾದೀತೆಂದು, ಮುಟ್ಟಿರಲಿಲ್ಲ.